ಮಾನ್ಯತೆ ಬೇಕಾಗಿರುವುದು ಒಳಗೆ ಮಲಗಿರುವವನಿಗೆ



ನಿಮ್ಮ ಕೇರಿಯಲ್ಲಿ, ಮೊಹಲ್ಲಾದಲ್ಲಿ, ತಾಂಡಾದಲ್ಲಿ, ಹಾಡಿಯಲ್ಲಿ ಕುಡಿತಕ್ಕೆ, ಗಾಂಜಾಕ್ಕೆ, ಮಾತ್ರೆಗೆ ಸಿಕ್ಕಿಬಿದ್ದವರನ್ನು ಮತ್ತೆ ಅವರವರ ಮನೆಗೆ ಮರಳಿಸಬೇಕೆಂದು ಸಂಸ್ಥೆ ಕಟ್ಟಿಕೊಂಡಿದ್ದೀರಿ. ಯಾರೂ ಕರೆದು ಹೇಳಿದ ಕೆಲಸವಲ್ಲ, ಯಾರೂ ದುಡ್ಡು ಕೊಟ್ಟು ಮಾಡಿಸಿದ್ದೂ ಅಲ್ಲ. ಮೊದಲು ಅದಕ್ಕಾಗಿ ನಿಮಗೊಂದು ನಮಸ್ಕಾರ. ವ್ಯಸನಮುಕ್ತಿ ಕೇಂದ್ರಗಳಲ್ಲಿ ಸಮಾಜ ಕಾರ್ಯಕರ್ತೆಯಾಗಿಯೇ ನನ್ನ ಆಯುಷ್ಯ ಕಳೆದಿದೆ. ನಾನೂ ಅಂಥದೇ ಒಂದು ಕೇರಿಯಿಂದ ಬಂದವಳು. ಆ ಸಲುಗೆಯಿಂದ ನಾಲ್ಕು ಮಾತು ಹೇಳುತ್ತೇನೆ. ಹಿತವೆನಿಸದಿದ್ದರೂ ಕೇಳಿಸಿಕೊಳ್ಳಿ.

ನೋಂದಣಿ, ತಪಾಸಣೆ, ಮಾನ್ಯತೆ ಎಂಬ ಮಾತು ಬಂದ ಕೂಡಲೇ ನಿಮ್ಮ ಮುಖ ಸಣ್ಣಗಾಗುವುದನ್ನು ಕಂಡಿದ್ದೇನೆ. 'ನಮ್ಮ ಜನಕ್ಕೆ ನಾವು ಸೇವೆ ಮಾಡೋಕೆ ಯಾರ ಸರ್ಟಿಫಿಕೇಟ್ ಬೇಕು ಅಕ್ಕಾ?' ಎಂದು ನಿಮ್ಮಲ್ಲೇ ಒಬ್ಬರು ಕೇಳಿದರು. ಆ ಸಿಟ್ಟಿಗೆ ಕಾರಣವಿದೆ. ಒಳಗೆ ಬಿಟ್ಟುಕೊಳ್ಳುವವರು ಒಬ್ಬರು, ಬಾಗಿಲಲ್ಲಿ ನಿಂತು ಕಾಯುವವರು ಇನ್ನೊಬ್ಬರು ಎಂಬ ವ್ಯವಸ್ಥೆಯಲ್ಲಿ ತಲೆಮಾರುಗಳನ್ನು ಕಳೆದವರು ನಾವು. ಮತ್ತೊಬ್ಬ ಅಧಿಕಾರಿ ಬಂದು ನಮ್ಮ ಅಡುಗೆಮನೆ, ಪಾಯಖಾನೆ, ಲೆಕ್ಕದ ಪುಸ್ತಕ ನೋಡಿ ಪಾಸು ಫೇಲು ಮಾಡುತ್ತಾನೆ ಎಂದರೆ ಹಳೆಯ ಗಾಯ ಕೆದರಿದಂತಾಗುತ್ತದೆ. ಆದರೂ ಹೇಳುತ್ತೇನೆ, ಆ ಪತ್ರ ಬೇಕು. ಅದು ನಿಮಗೆ ಬೇಕು ಅನ್ನುವುದಕ್ಕಿಂತ ಹೆಚ್ಚಾಗಿ, ನಿಮ್ಮನ್ನು ನಂಬಿ ಒಳಗೆ ಬಂದು ಮಲಗಿರುವವನಿಗೆ ಬೇಕು.

ಯಾಕೆ ಎನ್ನುತ್ತೀರಾ? 1985ರ ಮಾದಕ ದ್ರವ್ಯ ಕಾಯ್ದೆಯನ್ನು ತೆಗೆದು ನೋಡಿ. ನಾವೆಲ್ಲ ಎನ್‌ಡಿಪಿಎಸ್ ಎನ್ನುತ್ತೇವಲ್ಲ, ಅದೇ. ಅದರಲ್ಲಿ 64ಎ ಎಂಬ ಕಲಂ ಇದೆ. ಮಾದಕ ವಸ್ತು ಸೇವಿಸಿದ್ದಕ್ಕೋ, ಅಲ್ಪ ಪ್ರಮಾಣದಲ್ಲಿ ಇಟ್ಟುಕೊಂಡಿದ್ದಕ್ಕೋ ಕೇಸು ಬಿದ್ದ ವ್ಯಸನಿ ತಾನಾಗಿಯೇ ಚಿಕಿತ್ಸೆಗೆ ಬಂದು ಅದನ್ನು ಪೂರ್ತಿ ಪಡೆದರೆ ಅವನ ಮೇಲೆ ಮೊಕದ್ದಮೆ ನಡೆಸುವಂತಿಲ್ಲ. ಆದರೆ ಅಲ್ಲೊಂದು ಷರತ್ತಿದೆ. ಆ ಚಿಕಿತ್ಸೆ ಸರ್ಕಾರ ಅಥವಾ ಸ್ಥಳೀಯ ಸಂಸ್ಥೆ ನಡೆಸುವ, ಇಲ್ಲವೇ ಅವು ಮಾನ್ಯ ಮಾಡಿದ ಆಸ್ಪತ್ರೆ ಅಥವಾ ಸಂಸ್ಥೆಯಲ್ಲೇ ಆಗಿರಬೇಕು. ಜೈಲಿನ ಬದಲು ಚಿಕಿತ್ಸೆಗೆ ಕಳಿಸುವ ಅವಕಾಶವನ್ನು ನ್ಯಾಯಾಲಯಕ್ಕೆ ಕೊಡುವ 39ನೇ ಕಲಂನಲ್ಲೂ ಇದೇ ಮಾತಿದೆ. ಈಗ ಯೋಚಿಸಿ. ನಿಮ್ಮ ಓಣಿಯ ಹತ್ತೊಂಬತ್ತರ ಹುಡುಗನೊಬ್ಬ ಗಾಂಜಾ ಪೊಟ್ಟಣದೊಂದಿಗೆ ಸಿಕ್ಕಿಬಿದ್ದು ಆಮೇಲೆ ನಿಮ್ಮಲ್ಲಿಗೆ ಬರುತ್ತಾನೆ. ನೀವು ಅವನನ್ನು ಮಗನಂತೆ ನೋಡಿಕೊಂಡಿರಬಹುದು, ಅವನು ಪೂರ್ತಿ ಬಿಟ್ಟೂ ಇರಬಹುದು. ನಿಮ್ಮ ಕೇಂದ್ರಕ್ಕೆ ಮಾನ್ಯತೆ ಇಲ್ಲದಿದ್ದರೆ ಈ ಕಲಮುಗಳ ಆಸರೆ ಅವನಿಗೆ ಸಿಗುವುದು ಕಷ್ಟ. ಪೇಟೆಯ ದೊಡ್ಡ ಆಸ್ಪತ್ರೆಗೆ ಹೋದವನು ಕಾನೂನಿನ ರಕ್ಷಣೆ ಪಡೆದು ಕಾಲೇಜಿಗೆ ಹೋಗುತ್ತಾನೆ, ನಿಮ್ಮಲ್ಲಿಗೆ ಬಂದವನು ಕೋರ್ಟಿಗೆ ಅಲೆಯುತ್ತಾನೆ. ನಮ್ಮ ಮಕ್ಕಳಿಗೆ ಇಂಥ ಎರಡನೇ ದರ್ಜೆ ಮತ್ತೆ ನಮ್ಮ ಕೈಯಿಂದಲೇ ಬರಬಾರದು.

ಕೆಲಸ ಎಷ್ಟು ಬಾಕಿ ಇದೆ ಎಂಬುದನ್ನೂ ತಿಳಿದುಕೊಳ್ಳಿ. ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಮದ್ಯ ಸೇವಿಸುವವರು ಸುಮಾರು 16 ಕೋಟಿ. ಮದ್ಯಕ್ಕೆ ದಾಸರಾದವರಲ್ಲಿ ಯಾವುದೇ ಬಗೆಯ ಚಿಕಿತ್ಸೆ ಸಿಕ್ಕಿದ್ದು 38 ಮಂದಿಯಲ್ಲಿ ಒಬ್ಬನಿಗೆ. ಒಳರೋಗಿಯಾಗಿ ಚಿಕಿತ್ಸೆ ಸಿಕ್ಕಿದ್ದು 180ರಲ್ಲಿ ಒಬ್ಬನಿಗೆ. ಉಳಿದವರು ಯಾವ ಮನೆಗಳಲ್ಲಿದ್ದಾರೆ ಎಂದು ನಾನು ನಿಮಗೆ ಹೇಳಬೇಕಾಗಿಲ್ಲ. ಆಸ್ಪತ್ರೆಯ ಮೆಟ್ಟಿಲು ಹತ್ತಲು ಅಂಜುವವರು, ಭಾಷೆ ಬಾರದವರು, ಕೂಲಿ ಬಿಟ್ಟು ಬರಲಾಗದವರು ಅವರಲ್ಲಿ ಬಹಳ. ಅವರನ್ನು ಮುಟ್ಟುವ ಶಕ್ತಿ ಇರುವುದು ನಿಮಗೇ. ಆದ್ದರಿಂದಲೇ ನಿಮ್ಮ ಕೇಂದ್ರಗಳು ಬಾಗಿಲು ಹಾಕಬಾರದು, ಬೀಗಮುದ್ರೆಗೆ ಒಳಗಾಗಬಾರದು ಎಂಬ ಕಾಳಜಿ ನನಗೆ.

ಒಳ್ಳೆಯ ಮನಸ್ಸೊಂದಿದ್ದರೆ ಸಾಕು, ನಿಯಮಗಳೆಲ್ಲ ಕಚೇರಿಯವರ ಕಿರುಕುಳ ಎನ್ನುವವರು ಎರ್ವಾಡಿಯನ್ನು ಮರೆಯಬಾರದು. ತಮಿಳುನಾಡಿನ ರಾಮನಾಥಪುರಂ ಜಿಲ್ಲೆಯ ಆ ಊರಿನ ದರ್ಗಾಕ್ಕೆ ಎಲ್ಲ ಧರ್ಮದವರೂ ಮನೋರೋಗಿಗಳನ್ನು ಕರೆತರುತ್ತಿದ್ದರು. ದರ್ಗಾದ ಸುತ್ತ ಖಾಸಗಿ ಆಶ್ರಯ ಮನೆಗಳು ಹುಟ್ಟಿಕೊಂಡವು. 1987ರ ಮಾನಸಿಕ ಆರೋಗ್ಯ ಕಾಯ್ದೆ ಪರವಾನಗಿ ಕಡ್ಡಾಯ ಮಾಡಿದ್ದರೂ ಅವು ಪರವಾನಗಿ ಇಲ್ಲದೆಯೇ ನಡೆಯುತ್ತಿದ್ದವು. 2001ರ ಆಗಸ್ಟ್ 6ರ ನಸುಕಿನಲ್ಲಿ ಅಂಥದೊಂದು ಮನೆಯ ಗುಡಿಸಲಿಗೆ ಬೆಂಕಿ ಬಿತ್ತು. ಒಳಗಿದ್ದವರನ್ನು ಸರಪಳಿಯಿಂದ ಕಟ್ಟಿದ್ದರು. 28 ಜನ ಬೆಂಕಿಗೆ ಬಲಿಯಾದರು. ಸುಪ್ರೀಂ ಕೋರ್ಟ್ ತಾನಾಗಿ ಪ್ರಕರಣ ಕೈಗೆತ್ತಿಕೊಂಡು ದೇಶದಾದ್ಯಂತ ಇಂಥ ಕೇಂದ್ರಗಳ ಸಮೀಕ್ಷೆಗೆ ಆದೇಶಿಸಿತು. ಇವತ್ತು ತಪಾಸಣೆಗೆ ಬಂದವರು ಕಿಟಕಿ, ತುರ್ತು ಬಾಗಿಲು, ಬೀಗದ ಕೈ ಯಾರ ಬಳಿ ಎಂದು ಕೇಳಿದಾಗ ಬೇಸರಪಡಬೇಡಿ. ಆ ಪ್ರಶ್ನೆಗಳ ಹಿಂದೆ ಸತ್ತವರಿದ್ದಾರೆ.

ಈಗಿನ ಕಾನೂನು ಏನು ಹೇಳುತ್ತದೆ ಎಂಬುದನ್ನು ಬೇರೆಯವರ ಬಾಯಿಂದ ಕೇಳಬೇಡಿ, ನೀವೇ ಓದಿ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ಮಾನಸಿಕ ಸ್ಥಿತಿಗಳನ್ನು ಅದು ಮನೋರೋಗದ ವ್ಯಾಖ್ಯೆಯೊಳಗೇ ಸೇರಿಸಿದೆ. ಹೀಗಾಗಿ ವ್ಯಸನಿಗಳನ್ನು ಒಳಗೆ ಇರಿಸಿಕೊಂಡು ಚಿಕಿತ್ಸೆ ಕೊಡುವ ಕೇಂದ್ರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿಯಾಗಲೇಬೇಕು. ನೋಂದಣಿ ಇಲ್ಲದೆ ನಡೆಸಿದರೆ ಮೊದಲ ಸಲಕ್ಕೆ 5,000ದಿಂದ 50,000 ರೂಪಾಯಿ ದಂಡ, ಆಮೇಲೆ ಅದು ಲಕ್ಷಗಳಿಗೆ ಏರುತ್ತದೆ. ಆದರೆ ಹೆದರುವಂಥದ್ದೇನೂ ಇಲ್ಲ. ಅರ್ಜಿ ಕೊಟ್ಟ ಹತ್ತು ದಿನಗಳೊಳಗೆ, ಮೊದಲೇ ವಿಚಾರಣೆ ನಡೆಸದೆ, ತಾತ್ಕಾಲಿಕ ನೋಂದಣಿ ಕೊಡಬೇಕೆಂದೂ ಅದೇ ಕಾಯ್ದೆ ಹೇಳುತ್ತದೆ. ಅದು ಹನ್ನೆರಡು ತಿಂಗಳು ನಡೆಯುತ್ತದೆ, ನವೀಕರಿಸಲೂ ಬಹುದು. ಸಣ್ಣ ಸಂಸ್ಥೆ ತನ್ನ ಮನೆಯನ್ನು ಸರಿಮಾಡಿಕೊಳ್ಳಲು ಕಾನೂನೇ ಕೊಟ್ಟಿರುವ ಕಾಲಾವಕಾಶ ಅದು. ಎಲ್ಲವೂ ಸರಿಯಾದ ಮೇಲೆ ಅರ್ಜಿ ಹಾಕೋಣ ಎಂದು ಕೂತರೆ ಆ ದಿನ ಬರುವುದೇ ಇಲ್ಲ. ಮೊದಲು ಅರ್ಜಿ ಹಾಕಿ, ಆಮೇಲೆ ಒಂದೊಂದನ್ನೇ ಸರಿಪಡಿಸಿ.

ಇನ್ನು ಒಳಗಿನ ವಿಚಾರ. ಬಯಲುಸೀಮೆಯ ಒಂದು ಪಟ್ಟಣದಲ್ಲಿ, ಬಾಡಿಗೆ ಮನೆಯಲ್ಲಿ, ತಾವೇ ಕುಡಿತ ಬಿಟ್ಟ ಇಬ್ಬರು ಹುಡುಗರು ಕೇಂದ್ರ ನಡೆಸುತ್ತಿದ್ದರು. ಅವರ ಪ್ರೀತಿಯಲ್ಲಿ ಎಳ್ಳಷ್ಟೂ ಕೊರತೆ ಇರಲಿಲ್ಲ. ತಮ್ಮ ತಟ್ಟೆಯ ಮುದ್ದೆಯನ್ನೇ ಬಂದವನಿಗೆ ಬಡಿಸುತ್ತಿದ್ದರು. ಸೇರಿದ ಎರಡನೇ ರಾತ್ರಿ ಒಬ್ಬನಿಗೆ ಫಿಟ್ಸ್ ಬಂತು. ಹೆಗಲ ಮೇಲೆ ಹೊತ್ತು, ಆಟೋ ಹಿಡಿದು ಸರ್ಕಾರಿ ಆಸ್ಪತ್ರೆಗೆ ಓಡಿದರು. ಡ್ಯೂಟಿ ಡಾಕ್ಟರ್ ಮೂರೇ ಪ್ರಶ್ನೆ ಕೇಳಿದರು. ಕೊನೆಯ ಸಲ ಕುಡಿದದ್ದು ಯಾವಾಗ? ಏನು ಮಾತ್ರೆ ಕೊಟ್ಟಿದ್ದೀರಿ? ಮೊದಲೂ ಹೀಗೆ ಫಿಟ್ಸ್ ಬಂದಿತ್ತಾ? ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವುದೂ ಬರೆದಿಟ್ಟಿರಲಿಲ್ಲ. ಆ ಮನುಷ್ಯ ಬದುಕಿದ್ದು ಅವನ ಪುಣ್ಯ.

ಕುಡಿತ ಬಿಡಿಸುವುದೆಂದರೆ ಬಾಟಲಿ ಕಿತ್ತುಕೊಳ್ಳುವುದು ಎಂದು ತಿಳಿದವರಿಗೆ ಈ ಅಪಾಯ ಗೊತ್ತಿರುವುದಿಲ್ಲ. ವರ್ಷಗಟ್ಟಲೆ ದಿನವೂ ಕುಡಿದವನು ಒಮ್ಮೆಲೇ ನಿಲ್ಲಿಸಿದರೆ ಕೆಲವೇ ಗಂಟೆಗಳಲ್ಲಿ ಕೈ ನಡುಕ, ಬೆವರು, ವಾಂತಿ ಶುರುವಾಗುತ್ತದೆ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಸನ್ನಿ ಹಿಡಿದಂತೆ ಬಡಬಡಿಕೆ ಶುರುವಾಗುತ್ತದೆ. ಇಲ್ಲದ ಹುಳು ಹಾವು ಕಾಣುತ್ತವೆ, ಹೊತ್ತು ಗೊತ್ತು ತಿಳಿಯುವುದಿಲ್ಲ. ಚಿಕಿತ್ಸೆ ಸಿಗದಿದ್ದರೆ ಪ್ರಾಣವೇ ಹೋಗಬಹುದು. ಅದನ್ನು ದೆವ್ವ ಮೆಟ್ಟಿದ್ದು ಎಂದುಕೊಂಡು ಕಟ್ಟಿಹಾಕಿದ ಮನೆಗಳನ್ನು ನಾನು ಕಂಡಿದ್ದೇನೆ. ಕ್ಲೋರ್‌ಡಯಾಜಿಪಾಕ್ಸೈಡ್‌ನಂಥ ಮಾತ್ರೆಯನ್ನು ವೈದ್ಯರು ಅಳೆದು ಕೊಟ್ಟು ದಿನದಿನಕ್ಕೆ ಇಳಿಸಬೇಕು. ಊಟವಿಲ್ಲದೆ ಕುಡಿದವನ ಮಿದುಳು ಕೆಡದಂತೆ ಥಯಾಮಿನ್ ಕೊಡಬೇಕು, ಅದೂ ಗ್ಲೂಕೋಸ್ ಏರಿಸುವ ಮೊದಲು. ಯಾರ ಲಿವರ್ ಹಾಳಾಗಿದೆಯೋ ಅವರಿಗೆ ಬೇರೆ ಮಾತ್ರೆ ಬೇಕಾಗುತ್ತದೆ. ಇದು ಪ್ರೀತಿಯಿಂದ ತಿಳಿಯುವ ಸಂಗತಿಯಲ್ಲ, ಕಲಿತು ತಿಳಿಯಬೇಕಾದದ್ದು.

ಆ ಹುಡುಗರು ಆಮೇಲೆ ಮಾಡಿದ ಕೆಲಸವನ್ನೂ ಹೇಳಬೇಕು. ಪ್ರತಿ ಮಂಚದ ತಲೆದೆಸೆಗೆ ಒಂದು ಉದ್ದನೆಯ ನೋಟ್‌ಬುಕ್ಕನ್ನು ದಾರ ಹಾಕಿ ಕಟ್ಟಿದರು. ಮುಂದೊಮ್ಮೆ ಹೋದಾಗ ಒಂದು ಪುಟ ತಿರುವಿ ನೋಡಿದೆ. 'ರಾತ್ರಿ 2 ಗಂಟೆ. ಬಿಪಿ 150/100. ನಾಡಿ 112. ಕೈ ನಡುಗುತ್ತಿದೆ, ಬೆವರು ಇದೆ. ಊರು, ದಿನ ಕೇಳಿದರೆ ಸರಿಯಾಗಿ ಹೇಳಿದ. ಒಂದು ಲೋಟ ನೀರು ಕುಡಿದ. ಡಾಕ್ಟರಿಗೆ ಫೋನ್ ಮಾಡಿದೆ, ಮಾತ್ರೆ ಕೊಡು ಎಂದರು, ಕೊಟ್ಟೆ.' ಕೆಳಗೆ ಸಹಿ. ಅಕ್ಷರ ಓರೆಕೋರೆ, ಕಾಗುಣಿತ ತಪ್ಪು. ಆದರೆ ಆ ಐದು ಸಾಲು ಯಾವ ದೊಡ್ಡ ಆಸ್ಪತ್ರೆಯ ಕಡತಕ್ಕೂ ಕಡಿಮೆಯದಲ್ಲ. ರಾತ್ರಿ ಎರಡು ಗಂಟೆಗೆ ಒಬ್ಬ ಎಚ್ಚರವಿದ್ದ, ನೋಡಿದ, ಕೇಳಿದ, ಬರೆದ. ಗುಣಮಟ್ಟ ಎಂದು ಕಚೇರಿಯವರು ಹೇಳುವುದು ಇದನ್ನೇ. ತಪಾಸಣೆಯ ಹಿಂದಿನ ರಾತ್ರಿ ಕೂತು ಬೇರೆ ಬೇರೆ ಪೆನ್ನಿನಲ್ಲಿ ಮೂರು ತಿಂಗಳ ರಿಜಿಸ್ಟರ್ ತುಂಬುವವರೂ ಇದ್ದಾರೆ. ನೀವು ಆ ದಾರಿಗೆ ಹೋಗಬೇಡಿ. ಆ ರಿಜಿಸ್ಟರ್ ಅಧಿಕಾರಿಯ ಕಣ್ಣು ತಪ್ಪಿಸಬಹುದು, ಆದರೆ ಫಿಟ್ಸ್ ಬಂದವನನ್ನು ಉಳಿಸುವುದಿಲ್ಲ.

ವೈದ್ಯರನ್ನು ಇಟ್ಟುಕೊಳ್ಳುವಷ್ಟು ಹಣ ಎಲ್ಲಿದೆ ಎನ್ನುತ್ತೀರಿ. ದಾರಿಗಳಿವೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದೇ ನಮ್ಮ ಬಳ್ಳಾರಿ. 1980ರ ದಶಕದಲ್ಲಿ ನಿಮ್ಹಾನ್ಸ್ ಅಲ್ಲಿ ನಡೆಸಿದ ಪ್ರಯೋಗವನ್ನು ನೋಡಿಯೇ 1996ರಲ್ಲಿ ದೇಶದ ಕಾರ್ಯಕ್ರಮ ರೂಪುಗೊಂಡಿತು. ಈ ಕಾರ್ಯಕ್ರಮದಡಿ ಜಿಲ್ಲೆಯಲ್ಲಿರುವ ಮನೋವೈದ್ಯರನ್ನು ಹೋಗಿ ಕಾಣಿ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರ ನಡೆಯುವ ಮನೋಚೈತನ್ಯ ಕ್ಲಿನಿಕ್ಕಿಗೆ ನಿಮ್ಮವರನ್ನು ಕರೆದೊಯ್ಯಿರಿ. ತುರ್ತು ಬಂದರೆ ಯಾವ ಆಸ್ಪತ್ರೆಗೆ, ಯಾವ ಗಾಡಿಯಲ್ಲಿ, ಯಾರ ಜೊತೆ ಎಂಬುದನ್ನು ಲಿಖಿತವಾಗಿ ಒಪ್ಪಂದ ಮಾಡಿಕೊಳ್ಳಿ. ವೈದ್ಯರ ನಿಗಾ ಸಾಧ್ಯವಿಲ್ಲದ ಕಡೆ ಮೊದಲ ವಾರದ ಚಿಕಿತ್ಸೆಯನ್ನು ಆಸ್ಪತ್ರೆಗೇ ಬಿಡಿ, ಆಮೇಲಿನ ತಿಂಗಳುಗಳನ್ನು ನೀವು ನೋಡಿಕೊಳ್ಳಿ. ಕುಡಿತ ನಿಲ್ಲಿಸುವುದಕ್ಕೆ ಒಂದು ವಾರ ಸಾಕು, ಕುಡಿಯದೆ ಬದುಕುವುದನ್ನು ಕಲಿಯುವುದಕ್ಕೆ ವರ್ಷ ಬೇಕು. ಆ ವರ್ಷಪೂರ್ತಿ ಜೊತೆಗಿರುವ ಕೆಲಸ ನಿಮ್ಮಿಂದಲೇ ಆಗಬೇಕು.

ಕುಡಿತ ಬಿಟ್ಟವರೇ ನಿಮ್ಮ ಕೇಂದ್ರಗಳ ಬೆನ್ನೆಲುಬು. ಹೊಸದಾಗಿ ಬಂದವನು ಡಾಕ್ಟರಿಗೆ ಹೇಳದ್ದನ್ನು ಅವರಿಗೆ ಹೇಳುತ್ತಾನೆ. ಅವರನ್ನು ಕಾವಲುಗಾರರ ಥರ ದುಡಿಸಿಕೊಳ್ಳಬೇಡಿ, ತರಬೇತಿಗೆ ಕಳಿಸಿ. ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಶಾಂತಿ ರಂಗನಾಥನ್ ಅವರು 1980ರಲ್ಲಿ ಚೆನ್ನೈಯಲ್ಲಿ ಕಟ್ಟಿದ ಟಿ.ಟಿ. ರಂಗನಾಥನ್ ಪ್ರತಿಷ್ಠಾನವಿದೆ, ದಕ್ಷಿಣದ ಎಷ್ಟೋ ಕಾರ್ಯಕರ್ತರು ಅಲ್ಲಿ ಪಳಗಿದವರು. ತರಬೇತಿ ಪಡೆದ ಪ್ರಮಾಣಪತ್ರ, ನೇಮಕಾತಿ ಪತ್ರ, ತಿಂಗಳ ಸಂಬಳದ ರಸೀದಿ, ಇಷ್ಟು ಅವರ ಹೆಸರಿನ ಕಡತದಲ್ಲಿರಲಿ. ಕುಡುಕ ಎಂದು ಊರೆಲ್ಲ ಕರೆದವನಿಗೆ ತನ್ನ ಹೆಸರಿನ ಒಂದು ಕಡತ ಇರುವುದು ಸಣ್ಣ ಮಾತಲ್ಲ.

ಈಗ ಸ್ವಲ್ಪ ಕಟುವಾದ ಮಾತು. ನಮ್ಮ ಜನ, ನಮ್ಮ ಪದ್ಧತಿ ಎಂಬ ಹೆಸರಿನಲ್ಲಿ ಯಾವುದನ್ನೂ ಮುಚ್ಚಿಡಬೇಡಿ. ರಾತ್ರೋರಾತ್ರಿ ಗಾಡಿ ಕಳಿಸಿ ಮನೆಯಿಂದ ಎತ್ತಿಕೊಂಡು ಬರುವುದು, ಬಂದ ದಿನವೇ ತಲೆ ಬೋಳಿಸುವುದು, ಬಯ್ಯುವುದು, ಹೊಡೆಯುವುದು, ಅಡುಗೆ ಪಾತ್ರೆ ತೊಳೆಸುವುದು, ಮನೆಯವರಿಗೆ ಫೋನ್ ಮಾಡಲು ಬಿಡದಿರುವುದು, ಇವೆಲ್ಲ ಶಿಸ್ತಲ್ಲ, ಹಿಂಸೆ. 2017ರ ಕಾಯ್ದೆ ಬಲವಂತವಾಗಿ ತಲೆ ಬೋಳಿಸುವುದನ್ನು, ಬಲವಂತದ ದುಡಿಮೆಯನ್ನು, ಕೂಲಿ ಕೊಡದ ದುಡಿಮೆಯನ್ನು ಹೆಸರು ಹಿಡಿದು ನಿಷೇಧಿಸಿದೆ. ಸರಪಳಿಯಂತೂ ಯಾವ ರೂಪದಲ್ಲೂ ಕೂಡದು. ತನ್ನ ಬಟ್ಟೆ ತಾನು ತೊಡುವ ಹಕ್ಕು, ಶುಚಿಯಾದ ಶೌಚಾಲಯದ ಹಕ್ಕು, ತನ್ನ ಪರವಾಗಿ ಮಾತಾಡಲು ಒಬ್ಬರನ್ನು ಹೆಸರಿಸುವ ಹಕ್ಕು, ತನ್ನ ವಿಷಯ ಗುಟ್ಟಾಗಿರಬೇಕೆಂಬ ಹಕ್ಕು ಎಲ್ಲವೂ ಅವನಿಗಿದೆ. ನಮ್ಮ ಅಜ್ಜ ಅಜ್ಜಿಯರ ಮೈಮೇಲೆ ಇನ್ನೊಬ್ಬರು ನಡೆಸಿದ ದಬ್ಬಾಳಿಕೆ ತಪ್ಪಾಗಿದ್ದರೆ, ನಮ್ಮವನ ಮೈಮೇಲೆ ನಾವು ನಡೆಸುವುದೂ ತಪ್ಪೇ.

ಪುಡಿಯ ವಿಷಯವನ್ನೂ ಹೇಳಿಬಿಡುತ್ತೇನೆ. ಗಂಡನಿಗೆ ಗೊತ್ತಾಗದಂತೆ ಸಾರಿನಲ್ಲಿ ಬೆರೆಸಲು ಒಂದು ಪುಡಿ ಕೊಡಿ ಎಂದು ಹೆಂಗಸರು ಬಂದು ಅಳುತ್ತಾರೆ. ಅವರ ಕಷ್ಟ ನಿಜ. ಆದರೆ ಡೈಸಲ್ಫಿರಾಮ್‌ನಂಥ ಔಷಧಿ ಒಳಗಿರುವಾಗ ತಿಳಿಯದೆ ಕುಡಿದವನ ರಕ್ತದೊತ್ತಡ ಕುಸಿಯಬಹುದು, ಹೃದಯಕ್ಕೆ ಕುತ್ತು ಬರಬಹುದು. ಅವನಿಗೆ ತಿಳಿಸಿ, ವೈದ್ಯರು ಪರೀಕ್ಷಿಸಿ, ಅವನು ಒಪ್ಪಿದ ಮೇಲೆ ಕೊಡಬೇಕಾದ ಔಷಧಿ ಅದು. ಆ ತಾಯಿಗೆ ಪುಡಿಯ ಬದಲು ಒಂದು ಕುರ್ಚಿ ಕೊಡಿ, ಕೂರಿಸಿ ಮಾತಾಡಿ. ದೇವರ ಮುಂದೆ ಆಣೆ ಮಾಡಿಸುವುದು, ಪ್ರಾರ್ಥನೆ, ನಮಾಜು, ಭಜನೆ ಇವು ಮನಸ್ಸಿಗೆ ಬಲ ಕೊಡುತ್ತವೆ, ಇರಲಿ. ಅವು ಚಿಕಿತ್ಸೆಯ ಜೊತೆಗಿರಲಿ, ಚಿಕಿತ್ಸೆಯ ಜಾಗಕ್ಕೆ ಬರದಿರಲಿ. ಬೇರೆ ನಂಬಿಕೆಯವನು ನಿಮ್ಮಲ್ಲಿಗೆ ಬಂದರೆ ಅವನ ಮೇಲೆ ನಿಮ್ಮದನ್ನು ಹೇರಬೇಡಿ.

ಇಷ್ಟು ಹೇಳಿದ ಮೇಲೆ ನಿಮ್ಮ ಹೆಚ್ಚುಗಾರಿಕೆಯನ್ನೂ ಹೇಳಬೇಕು. ಅದು ಭಾಷೆ, ನೆರೆಹೊರೆ, ನಂಬಿಕೆ. ದಖ್ಖನಿಯಲ್ಲಿ ಮಾತಾಡುವ ತಾಯಿಯೊಬ್ಬಳು ಆಸ್ಪತ್ರೆಯಲ್ಲಿ ಮಗನ ಬಗ್ಗೆ ಹೂಂ, ಉಹೂಂ ಎಂದಷ್ಟೇ ಹೇಳಿ ಬಂದಿದ್ದಳು. ನಮ್ಮ ಹುಡುಗಿ ಅವಳದೇ ಮಾತಿನಲ್ಲಿ 'ಬೈಠೋ ಅಮ್ಮಾ' ಎಂದದ್ದೇ ತಡ, ಮಗ ಯಾವಾಗಿನಿಂದ ಮಾತ್ರೆ ನುಂಗುತ್ತಾನೆ, ಯಾವ ಅಂಗಡಿಯಲ್ಲಿ ತರುತ್ತಾನೆ, ಒಮ್ಮೆ ಪ್ರಜ್ಞೆ ತಪ್ಪಿ ಬಿದ್ದದ್ದು ಯಾವ ರಂಜಾನಿನಲ್ಲಿ ಎಂಬುದೆಲ್ಲ ಹೊರಬಂತು. ಈ ವಿವರ ಸಿಕ್ಕದೆ ಯಾವ ಡಾಕ್ಟರೂ ಸರಿಯಾದ ಚಿಕಿತ್ಸೆ ಕೊಡಲಾರರು. ಲಂಬಾಣಿಯಲ್ಲಿ, ತುಳುವಿನಲ್ಲಿ, ಬ್ಯಾರಿಯಲ್ಲಿ, ಸೋಲಿಗರ ನುಡಿಯಲ್ಲಿ ಕೇಳಿ ಬರೆದುಕೊಳ್ಳಬಲ್ಲವರು ನಿಮ್ಮಲ್ಲಿದ್ದಾರೆ ಎಂಬುದನ್ನು ಕೃಪೆಯ ಕೆಲಸದಂತೆ ಹೇಳಬೇಡಿ, ಚಿಕಿತ್ಸೆಯ ಗುಣಮಟ್ಟವಾಗಿಯೇ ದಾಖಲಿಸಿ. ಸೇರುವಾಗ ಯಾವ ಭಾಷೆಯಲ್ಲಿ ಮಾತಾಡಿದಿರಿ, ಒಪ್ಪಿಗೆ ಪತ್ರವನ್ನು ಯಾವ ಭಾಷೆಯಲ್ಲಿ ಓದಿ ಹೇಳಿದಿರಿ ಎಂಬುದಕ್ಕೆ ಅರ್ಜಿಯಲ್ಲೊಂದು ಸಾಲು ಇರಲಿ. ಉಪವಾಸದ ತಿಂಗಳಲ್ಲಿ ಮಾತ್ರೆಯ ಹೊತ್ತನ್ನು ವೈದ್ಯರೊಡನೆ ಹೇಗೆ ಹೊಂದಿಸಿಕೊಂಡಿರಿ, ಕುಡಿಯುವ ಹೆಣ್ಣುಮಕ್ಕಳಿಗೆ ಬೇರೆ ಕೋಣೆ, ಬೇರೆ ಹೊತ್ತು ಹೇಗೆ ಮಾಡಿದಿರಿ ಎಂಬುದನ್ನೂ ಬರೆಯಿರಿ. ದೊಡ್ಡ ಕೇಂದ್ರಗಳಲ್ಲಿ ಇಲ್ಲದ ಗುಣ ಇದು.

ಊರಿನ ಚರಿತ್ರೆ ನಿಮಗೆ ಗೊತ್ತಿರಬೇಕು. ಕರ್ನಾಟಕದಲ್ಲಿ ಸಾರಾಯಿ ನಿಂತದ್ದು 2007ರ ಜುಲೈ 1ರಂದು. ಸಾರಾಯಿ ಹೋಯಿತು, ಕುಡಿತ ಹೋಗಲಿಲ್ಲ. ಅಗ್ಗದ ವಿಸ್ಕಿ, ರಮ್ಮು ಅದರ ಜಾಗಕ್ಕೆ ಬಂತು. 2019ರ ಜನವರಿಯಲ್ಲಿ ಮದ್ಯ ನಿಷೇಧ ಆಂದೋಲನದ ಹೆಣ್ಣುಮಕ್ಕಳು ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ನಡೆದು ಬಂದರು. ಅವರಲ್ಲಿ ದಲಿತ, ಕೂಲಿಕಾರ ಹೆಣ್ಣುಮಕ್ಕಳೇ ಬಹಳ. ಅಂಗಡಿ ಮುಚ್ಚಿಸುವ ಹೋರಾಟ ಒಂದು ಕಡೆ ನಡೆಯಲಿ. ಆಗಲೇ ಕಾಯಿಲೆಗೆ ಬಿದ್ದವನನ್ನು ನೋಡಿಕೊಳ್ಳುವ ಮನೆ ಅದೇ ಕೇರಿಯಲ್ಲಿ ಇರಬೇಕು. ಅದು ನಿಮ್ಮದು.

ಲೆಕ್ಕಪತ್ರದ ಮಾತಿಗೆ ಬರುತ್ತೇನೆ. ಎಷ್ಟೋ ಸಣ್ಣ ಸಂಸ್ಥೆಗಳು ಮುಳುಗುವುದು ಚಿಕಿತ್ಸೆಯಲ್ಲಿ ಅಲ್ಲ, ಲೆಕ್ಕದಲ್ಲಿ. ಅಧ್ಯಕ್ಷ ಅಣ್ಣ, ಕಾರ್ಯದರ್ಶಿ ತಮ್ಮ, ಖಜಾಂಚಿ ಅತ್ತಿಗೆ ಎಂಬ ಕಾರ್ಯಕಾರಿ ಸಮಿತಿ ಬೇಡ. ವರ್ಷಕ್ಕೊಮ್ಮೆ ಸರ್ವಸದಸ್ಯರ ಸಭೆ ನಿಜವಾಗಿ ನಡೆಯಲಿ, ಮಿನಿಟ್ಸ್ ಪುಸ್ತಕದಲ್ಲಿ ಬಂದವರದೇ ಸಹಿ ಇರಲಿ. ಅಕ್ಕಿ ತಂದ ಚೀಟಿಯಿಂದ ಹಿಡಿದು ಬಾಡಿಗೆ ರಸೀದಿಯವರೆಗೆ ವೋಚರ್ ಇರಲಿ. ಆದಾಯ ತೆರಿಗೆ ವಿನಾಯಿತಿಯ ನೋಂದಣಿ, ನೀತಿ ಆಯೋಗದ ಎನ್‌ಜಿಒ ದರ್ಪಣ್ ಸಂಖ್ಯೆ, ಕಂಪನಿಗಳ ಹಣ ಪಡೆಯಲು ಸಿಎಸ್‌ಆರ್-1, ವಿದೇಶದ ಹಣವಾದರೆ ಎಫ್‌ಸಿಆರ್‌ಎ, ಒಂದೊಂದಕ್ಕೂ ತನ್ನದೇ ದಿನಾಂಕವಿದೆ. ಎಫ್‌ಸಿಆರ್‌ಎ ನೋಂದಣಿ ಐದು ವರ್ಷಕ್ಕೊಮ್ಮೆ ನವೀಕರಣ ಬೇಡುತ್ತದೆ, ಅದರ ವಾರ್ಷಿಕ ವರದಿ ಡಿಸೆಂಬರ್ 31ರೊಳಗೆ ಹೋಗಬೇಕು. ಈ ದಿನಾಂಕಗಳನ್ನು ಒಂದು ಹಾಳೆಯಲ್ಲಿ ಬರೆದು ಆಫೀಸಿನ ಗೋಡೆಗೆ ಅಂಟಿಸಿ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆ ನಿಮ್ಮ ಸಂಸ್ಥೆಯ ವಿಷಯದಲ್ಲಿ ನಿಜವಾಗದಿರಲಿ. ನಮ್ಮಂಥವರ ಸಂಸ್ಥೆಯಲ್ಲಿ ಒಂದು ಬಿಲ್ಲು ಕಾಣೆಯಾದರೆ ಅದನ್ನು ಒಬ್ಬ ಗುಮಾಸ್ತನ ಅಜಾಗರೂಕತೆ ಎನ್ನುವುದಿಲ್ಲ, ಇಡೀ ಸಮುದಾಯದ ಗುಣ ಎನ್ನುತ್ತಾರೆ. ಇದು ಅನ್ಯಾಯ, ಆದರೆ ವಾಸ್ತವ. ಆ ಮಾತಿಗೆ ಎಡೆ ಕೊಡಬೇಡಿ.

ಹಿಂದಿನವರು ಇದನ್ನು ಚೆನ್ನಾಗಿ ಬಲ್ಲರು. ಅಂಬೇಡ್ಕರ್ ಅವರು 1924ರ ಜುಲೈ 20ರಂದು ಮುಂಬೈಯಲ್ಲಿ ಬಹಿಷ್ಕೃತ ಹಿತಕಾರಿಣಿ ಸಭಾ ಸ್ಥಾಪಿಸಿದಾಗ ಅದರ ಅಧ್ಯಕ್ಷರಾಗಿ ಹೆಸರಾಂತ ವಕೀಲ ಸರ್ ಚಿಮಣಲಾಲ್ ಸೆಟಲ್ವಾಡರು ಇದ್ದರು. ಆಡಳಿತ ಸಮಿತಿಯ ಅಧ್ಯಕ್ಷತೆ ಮಾತ್ರ ಅಂಬೇಡ್ಕರ್ ಅವರ ಕೈಯಲ್ಲಿತ್ತು. ಮರುವರ್ಷ ಸೊಲ್ಲಾಪುರದಲ್ಲಿ ವಿದ್ಯಾರ್ಥಿ ನಿಲಯ ತೆರೆಯಿತು. ಹೊರಗಿನ ಗೌರವಾನ್ವಿತರ ಬೆಂಬಲವನ್ನು ಬೇಡವೆನ್ನಲಿಲ್ಲ, ಕೆಲಸದ ಚುಕ್ಕಾಣಿಯನ್ನು ಬಿಟ್ಟುಕೊಡಲೂ ಇಲ್ಲ. ನಿಮ್ಮ ಸಮಿತಿಯಲ್ಲಿ ಒಬ್ಬ ವೈದ್ಯರು, ಒಬ್ಬ ವಕೀಲರು, ಒಬ್ಬ ಲೆಕ್ಕಪರಿಶೋಧಕರು ಹೊರಗಿನವರಾಗಿ ಇರಲಿ. ಚಿಕಿತ್ಸೆ ಪಡೆದು ಹೋದವರೊಬ್ಬರು, ಅವರ ಮನೆಯ ಹೆಣ್ಣುಮಗಳೊಬ್ಬರು ಖಂಡಿತ ಇರಲಿ. ನಿರ್ಧಾರ ಮಾತ್ರ ನಿಮ್ಮವರ ಕೈಯಲ್ಲಿರಲಿ.

ನಾವು ಅಲ್ಪಸಂಖ್ಯಾತರ ಸಂಸ್ಥೆ, ನಮಗೆ ಸಂವಿಧಾನದ ರಕ್ಷಣೆ ಇದೆ ಎಂದು ಕೆಲವರು ವಾದಿಸುತ್ತಾರೆ. 30ನೇ ವಿಧಿ ಹೇಳುವುದು ಶಿಕ್ಷಣ ಸಂಸ್ಥೆಗಳ ಬಗ್ಗೆ. ಚಿಕಿತ್ಸಾ ಕೇಂದ್ರ ಅದರಡಿ ಬರುವುದಿಲ್ಲ. ಶಿಕ್ಷಣ ಸಂಸ್ಥೆಗಳ ವಿಷಯದಲ್ಲೂ 1958ರಲ್ಲಿ ಕೇರಳದ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಆಡಳಿತದ ಹಕ್ಕಿನಲ್ಲಿ ದುರಾಡಳಿತದ ಹಕ್ಕು ಸೇರಿಲ್ಲ ಎಂದು ಸ್ಪಷ್ಟಪಡಿಸಿತು. ವಿನಾಯಿತಿ ಕೇಳುವ ಬದಲು ಸಮಾನವಾದ ನಡವಳಿಕೆ ಕೇಳಿ. ಅದು ನಿಮ್ಮ ಹಕ್ಕು.

ಆ ಹಕ್ಕು ತಾನಾಗಿ ಸಿಗುವುದಿಲ್ಲ ಎಂಬುದೂ ನನಗೆ ಗೊತ್ತು. ಒಂದೇ ತಪ್ಪಿಗೆ ಒಂದು ಕೇಂದ್ರಕ್ಕೆ ಬುದ್ಧಿಮಾತು, ಇನ್ನೊಂದಕ್ಕೆ ನೋಟಿಸು ಎಂಬ ತಾರತಮ್ಯ ನಡೆಯುತ್ತದೆ. ನಿಮ್ಮ ಹೆಸರು, ನಿಮ್ಮ ಓಣಿಯ ಹೆಸರು ನೋಡಿಯೇ ಧ್ವನಿ ಬದಲಾಗುವ ಅಧಿಕಾರಿಗಳು ಸಿಗುತ್ತಾರೆ. ಆಗ ಕೂಗಾಡಬೇಡಿ, ತಲೆತಗ್ಗಿಸಲೂ ಬೇಡಿ. ಪ್ರತಿ ಅರ್ಜಿಗೂ ಸ್ವೀಕೃತಿ ಪಡೆಯಿರಿ. ಬಾಯಿಮಾತಿನ ಆಕ್ಷೇಪಣೆಯನ್ನು ಬರೆದು ಕೊಡಿ ಎಂದು ಕೇಳಿ. ಯಾವ ನಿಯಮದ ಯಾವ ಕಲಂ ಎಂದು ವಿನಯದಿಂದಲೇ ವಿಚಾರಿಸಿ. ಉತ್ತರ ಬರದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದೆ. ಕಡತ ಸರಿಯಾಗಿರುವವನ ಮುಂದೆ ತಾರತಮ್ಯ ಹೆಚ್ಚು ದಿನ ನಿಲ್ಲುವುದಿಲ್ಲ. ಕಡತವೇ ಇಲ್ಲದವನಿಗೆ ಅನ್ಯಾಯವಾದರೂ ತೋರಿಸಲು ಪುರಾವೆ ಇರುವುದಿಲ್ಲ. ಲಂಚ ಕೊಟ್ಟು ಪತ್ರ ಪಡೆಯುವ ಯೋಚನೆಯಂತೂ ಬೇಡವೇ ಬೇಡ. ಹಾಗೆ ಬಂದ ಪತ್ರವನ್ನು ಹಾಗೆಯೇ ಕಿತ್ತುಕೊಳ್ಳಬಲ್ಲರು.

ಮಾನ್ಯತೆಯ ಭಾರ ಸಣ್ಣವರ ಮೇಲೇ ಹೆಚ್ಚು ಬೀಳುತ್ತದೆ ಎಂಬ ದೂರು ನಮ್ಮಲ್ಲಿ ಮಾತ್ರ ಇರುವುದಲ್ಲ. ಅಮೆರಿಕದಲ್ಲಿ 1966ರಲ್ಲಿ ಕಾರ್ಫ್, 1977ರಲ್ಲಿ ಕೌನ್ಸಿಲ್ ಆನ್ ಅಕ್ರೆಡಿಟೇಶನ್ ಎಂಬ ಸ್ವತಂತ್ರ ಸಂಸ್ಥೆಗಳು ಹುಟ್ಟಿದವು. ಪುನರ್ವಸತಿ, ವ್ಯಸನ ಚಿಕಿತ್ಸೆ, ಸಮಾಜ ಸೇವೆಯ ಕೇಂದ್ರಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುವುದು ಅವುಗಳ ಕೆಲಸ. ಕಪ್ಪು ಜನರು, ಮೂಲನಿವಾಸಿಗಳು, ವಲಸಿಗರು ನಡೆಸುವ ಸಣ್ಣ ಸಂಸ್ಥೆಗಳಿಗೆ ಅಲ್ಲಿನ ಶುಲ್ಕ, ಕಾಗದಪತ್ರ ಎರಡೂ ಭಾರವೇ. ಆದರೆ ಆ ಪದ್ಧತಿಯಲ್ಲಿ ನಾವು ಕಲಿಯಬೇಕಾದ ಒಂದು ಒಳ್ಳೆಯ ಅಂಶವಿದೆ. ಪರಿಶೀಲನೆಗೆ ಬರುವವರು ಅದೇ ಕೆಲಸವನ್ನು ಬೇರೆ ಕಡೆ ಮಾಡುತ್ತಿರುವವರು, ಸಹೋದ್ಯೋಗಿಗಳು. ಇದನ್ನು ನೀವು ನಾಳೆಯೇ ಮಾಡಬಹುದು. ಅಕ್ಕಪಕ್ಕದ ತಾಲ್ಲೂಕಿನ ಮೂರು ನಾಲ್ಕು ಸಣ್ಣ ಕೇಂದ್ರಗಳು ಒಂದಾಗಿ. ಸರ್ಕಾರದ ತಪಾಸಣೆಗೆ ಮೊದಲು ಒಬ್ಬರ ಕೇಂದ್ರವನ್ನು ಇನ್ನೊಬ್ಬರು ನೋಡಿ, ದಾಕ್ಷಿಣ್ಯ ಬಿಟ್ಟು ಹೇಳಿ. ಒಬ್ಬ ಲೆಕ್ಕಪರಿಶೋಧಕ, ಒಬ್ಬ ನರ್ಸ್, ಒಂದು ತರಬೇತಿ, ಎಲ್ಲವನ್ನೂ ಹಂಚಿಕೊಂಡರೆ ಖರ್ಚೂ ಹಂಚಿಹೋಗುತ್ತದೆ.

ಕೊನೆಯದಾಗಿ, ಇನ್ನೊಬ್ಬರು ಬರೆದ ನಿಯಮಗಳಿಗೆ ಸಹಿ ಹಾಕುವುದಷ್ಟಕ್ಕೇ ನಿಲ್ಲಬೇಡಿ. 2017ರ ಕಾಯ್ದೆಯ ಪ್ರಕಾರ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ಮನೋರೋಗ ಅನುಭವಿಸಿದವರ ಪರವಾಗಿ, ಅವರನ್ನು ನೋಡಿಕೊಳ್ಳುವವರ ಪರವಾಗಿ, ಸೇವಾ ಸಂಸ್ಥೆಗಳ ಪರವಾಗಿ ಪ್ರತಿನಿಧಿಗಳಿಗೆ ಜಾಗವಿದೆ. ಜಿಲ್ಲಾ ನ್ಯಾಯಾಧೀಶರ ಮಟ್ಟದವರು ಅಧ್ಯಕ್ಷತೆ ವಹಿಸುವ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗಳಲ್ಲೂ ಅಂಥ ಸ್ಥಾನಗಳಿವೆ. ಆ ಕುರ್ಚಿಗಳಲ್ಲಿ ನಮ್ಮ ಕೇರಿಯವರು, ಹಾಡಿಯವರು, ಮೊಹಲ್ಲಾದವರು ಯಾಕೆ ಕೂರಬಾರದು? ಹಾಸಿಗೆಗೆ ಇಷ್ಟು ಚದರಡಿ ಎಂದು ಬರೆಯುವಾಗ, ರೋಗಿಗೆ ತಿಳಿಯುವ ಭಾಷೆಯಲ್ಲಿ ಮಾತಾಡುವ ಒಬ್ಬರು ಇರಲೇಬೇಕು ಎಂದೂ ಬರೆಯಿರಿ ಎಂದು ಹೇಳುವವರು ಅಲ್ಲಿರಬೇಕು. ನೋಂದಣಿಯಾದ, ಲೆಕ್ಕ ಸರಿಯಿರುವ, ಹೆಸರು ಉಳಿಸಿಕೊಂಡ ಸಂಸ್ಥೆಯವರ ಮಾತಿಗೆ ಅಲ್ಲಿ ತೂಕವಿರುತ್ತದೆ. ನಿಮ್ಮ ಮಾನ್ಯತೆಯಿಂದ ಆಗಬೇಕಾದ ದೊಡ್ಡ ಕೆಲಸ ಅದು.

ಮಕ್ಕಳೇ, ಇಷ್ಟನ್ನೂ ಒಂದೇ ತಿಂಗಳಲ್ಲಿ ಮಾಡಿ ಎಂದು ನಾನು ಹೇಳುವುದಿಲ್ಲ. ಈ ವಾರ ಅರ್ಜಿಯ ನಮೂನೆ ತರಿಸಿ. ಇವತ್ತು ರಾತ್ರಿಯಿಂದಲೇ ಪ್ರತಿ ಹಾಸಿಗೆಗೆ ಒಂದು ಪುಸ್ತಕ ಇಡಿ. ನಿಮ್ಮ ಕೇಂದ್ರದಲ್ಲಿ ಬೀಗ, ಹೊಡೆತ, ಬೋಳಿಸುವ ಕತ್ತರಿ ಯಾವುದಾದರೂ ಇದ್ದರೆ ನಾಳೆಯೇ ನಿಲ್ಲಿಸಿ. ಸೇವೆ ಮಾಡುವ ಹಕ್ಕು ನಿಮಗಿದೆ, ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಒಳ್ಳೆಯ ಸೇವೆ ಪಡೆಯುವ ಹಕ್ಕು ನಿಮ್ಮ ಬಾಗಿಲಿಗೆ ಬಂದವನದು, ಅದನ್ನು ಅವನಿಗೆ ಬರಹದಲ್ಲಿ ಕೊಡಿ.